ಬೀಜಕ್ಕೆ ಬಿಟ್ಟ ಬದನೆ

ಬದನೆ ಗಿಡದ ಎಲೆಗಳು ಅಂಚಿನಿಂದ ಒಳಕ್ಕೆ ಸುಡುತ್ತ ಬಂದಿದ್ದವು. ಶೈಲಾ ಮೂರು ದಿನದಿಂದ ನೋಡುತ್ತಲೇ ಇದ್ದಳು. ಮೊದಲ ದಿನ ಬಿಸಿಲೆಂದುಕೊಂಡಳು, ಎರಡನೆಯ ದಿನ ನೀರು ಸಾಲಲಿಲ್ಲ ಎಂದುಕೊಂಡಳು. ಇಂದು ಕೊಡ ಕೆಳಗಿಟ್ಟು ಬುಡದ ಮಣ್ಣು ಮುಟ್ಟಿ ನೋಡಿದಳು, ಕಾದಿತ್ತು.

ತಪ್ಪು ಅವಳದೇ.

ಸಾಲಿನ ನಡುವಿನ ಗಿಡಕ್ಕೆ ಅತ್ತೆ ಲಗಮವ್ವ ಕೆಂಪು ಚಿಂದಿ ಕಟ್ಟಿದ್ದರು. ಅದರ ಎರಡು ಕಾಯಿ ಬೀಜಕ್ಕೆ ಬಿಟ್ಟವು. ತುಕ್ಕಾನಟ್ಟಿಯ ಈ ಹಿತ್ತಲಲ್ಲಿ ಪ್ರತಿ ವರ್ಷವೂ ಅದೇ ತಳಿ. "ಕಾಯಿ ಹಳದಿ ಆಗೂತನಕ ಯಾರೂ ಮುಟ್ಟಬ್ಯಾಡ್ರಿ. ಹಿತ್ತಲ ನಿನ್ನ ಕೈಯಾಗ ಐತಿ ನೋಡವಾ" ಎಂದು ಹೇಳಿ ಅವರು ಹುಕ್ಕೇರಿಯ ಮಗಳ ಮನೆಗೆ ಹೋಗಿ ಎಂಟು ದಿನವಾಗಿತ್ತು. ನಾಳೆ ಬರುವವರಿದ್ದರು.

ಶೈಲಾಳ ಮದುವೆಯಾಗಿ ಎರಡೇ ತಿಂಗಳು. ಗೋಕಾಕ ಫಾಲ್ಸಿನ ಗಿರಣಿ ಚಾಳಿನಲ್ಲಿ ಬೆಳೆದವಳಿಗೆ ಡಬ್ಬಿಯಲ್ಲಿ ತುಳಸಿ ಬೆಳೆಸಿ ಗೊತ್ತು, ಬಿ.ಎ. ಓದಿ ಗೊತ್ತು. ಗಂಡ ಪ್ರಭು ಹಿತ್ತಲ ಬಾಗಿಲ ಬಳಿ ಒಂದು ಚೀಲ ಕುರಿಹಿಕ್ಕೆ ತಂದಿಟ್ಟಿದ್ದ. ಏನೂ ಹೇಳಿರಲಿಲ್ಲ. ಅವನು ಯಾವುದನ್ನೂ ಹೇಳುವವನಲ್ಲ. ಗೊಬ್ಬರ ತಾನೇ ಎಂದು ಅವಳು ಆ ಹಸಿ ಹಿಕ್ಕೆಯನ್ನು ಗಿಡಗಳ ಬುಡಕ್ಕೆ ಬೊಗಸೆ ಬೊಗಸೆ ಸುರಿದಿದ್ದಳು.

ದಿನಾ ಸಂಜೆ ಕುರಿಗಳನ್ನು ಹಟ್ಟಿಯಲ್ಲಿ ಕೂಡಿ ಬಂದ ಪ್ರಭು ನೇರ ಬಚ್ಚಲಿಗೆ ಹೋಗುತ್ತಿದ್ದ. ಅರ್ಧ ತಾಸು ಹೊರಬರುತ್ತಿರಲಿಲ್ಲ. ಆಮೇಲೆ ಗಂಧದ ಸಾಬೂನಿನ ಘಮದೊಂದಿಗೆ ಪಡಸಾಲೆಯ ಆಚೆ ಮೂಲೆಯಲ್ಲಿ ಕೂತು ಉಂಡು, "ಛಲೋ ಆಗೇತಿ" ಎಂದಷ್ಟೇ ಹೇಳಿ ಅಂಗಳದಲ್ಲಿ ಮಲಗಲು ಹೊರಸು ಹಾಕುತ್ತಿದ್ದ. ತನ್ನಿಂದ ತಪ್ಪಿಸಿಕೊಳ್ಳಲು ಅವನು ಹೀಗೆ ಮಾಡುತ್ತಾನೆಂದು ಅವಳು ನಂಬಿದ್ದಳು. ಈ ಮನೆಗೆ ತಾನು ಒಗ್ಗುವವಳಲ್ಲ ಎಂಬುದಕ್ಕೆ ಈಗ ಬದನೆಯೂ ಸಾಕ್ಷಿ.

ಮಧ್ಯಾಹ್ನ ಪಾತ್ರೆ ತಿಕ್ಕಿ ಮುಗಿಸಿ, ಹಳೆಯ ಸೀರೆಯೊಂದನ್ನು ತೋಯಿಸಿ ಗಿಡಗಳ ಮೇಲೆ ಹೊದಿಸುತ್ತಿದ್ದಾಗ ಹಿಂದೆ ಕೆಮ್ಮು ಕೇಳಿತು.

"ಬದನಿಗೆ ಸೀರಿ ಉಡಸಾಕತ್ತಿಯೇನ?"

ಪ್ರಭು. ಕರೆಂಟು ಬಂದಿತೆಂದು, ಕುರಿಗಳನ್ನು ನೆರಳಿಗೆ ನಿಲ್ಲಿಸಿ ಮೋಟಾರು ಹಚ್ಚಲು ಬಂದಿದ್ದ. ಹುಬ್ಬಿನ ತುಂಬ ಧೂಳು.

ನಾಲ್ಕು ಸಲ ಮನಸ್ಸಿನಲ್ಲೇ ತಿದ್ದಿಟ್ಟುಕೊಂಡಿದ್ದ ಮಾತುಗಳೆಲ್ಲ ಅವಳಿಗೆ ಮರೆತುಹೋದವು. "ಗಿಡಾ ಎಲ್ಲಾ ಸುಟ್ಟೇನ್ರಿ. ಆ ಚೀಲದ ಹಿಕ್ಕಿ ಹಾಕಿದೆ."

"ಹಸೀದು?"

"ಹೂಂ."

"ಪೂರಾ ಚೀಲ?"

"ಪೂರಾ."

ಅವನು ಸೀರೆ ಸರಿಸಿ ನೋಡಿದ. ಅವಳು ಅವನ ಮುಖ ನೋಡಿದಳು, ಬೈಗುಳ ಇನ್ನೇನು ಬಂತೆಂದು. ಬಂದದ್ದು ನಗು.

"ಅದು ಮಳಿಗೆ ಕೊಳತ ಮ್ಯಾಲ ಹಾಕೂದು. ಈ ಬಿಸಲಾಗ ಹಸಿ ಹಿಕ್ಕಿ ಅಂದ್ರ ಬೆಂಕಿ ಇದ್ದಂಗ."

"ನೀವು ಹೇಳಬೇಕಿತ್ತಲ್ರಿ ಮತ್ತ!" ಎರಡು ತಿಂಗಳಲ್ಲಿ ಅವಳ ದನಿ ಮೊದಲ ಸಲ ಏರಿತ್ತು.

ಅವನು ಕತ್ತು ಕೆರೆದುಕೊಂಡ. "ಹೇಳಬೇಕಿತ್ತು. ಖರೆ."

ಇಬ್ಬರೂ ಎದುರುಬದುರು ಕೂತು ಬುಡದ ಹಿಕ್ಕೆ ಕೆದರಿ ತೆಗೆದರು. ಪೈಪಿನ ನೀರು ಹರಿದು ಮಣ್ಣಿನ ಕಾವು ಇಳಿಯತೊಡಗಿತು. ಒಂದೇ ಗಿಡದ ಬುಡದಲ್ಲಿ ಬೆರಳಿಗೆ ಬೆರಳು ತಾಗಿತು. ಅವನು ತಟ್ಟನೆ ಎದ್ದು ಇನ್ನೊಂದು ಬದಿಗೆ ಹೋಗಿ ಕೂತ.

"ಯಾಕ ಸರೀತೀರಿ?"

"ಗಾಳಿ ನಿನ್ನ ಕಡೆ ಬೀಸಾಕತ್ತೇತಿ."

"ಬೀಸಿದರೇನಾತ್ರಿ?"

ಅವನು ನೆಲ ನೋಡುತ್ತ ಹೇಳಿದ. "ಹೆಣ್ಣ ನೋಡಾಕ ಬಂದಾಗ ನೀ ಮೂಗಿಗೆ ಸೆರಗ ಹಿಡಕೊಂಡ ಕುಂತಿದ್ದಿ. ಕಾಲೇಜ ಕಲತಾಕಿ, ಕುರಿ ವಾಸನಿ ಆಗಂಗಿಲ್ಲ ಅಂತ ತಿಳದೆ. ಅದಕ್ಕ ದಿನಾ ತಿಕ್ಕಿ ತಿಕ್ಕಿ ಜಳಕಾ ಮಾಡ್ತೇನಿ. ವಾರಕ್ಕ ಎರಡು ಸಾಬಾನ."

ಅವಳಿಗೆ ನೆನಪಾಯಿತು. ಸಂಕ್ರಾಂತಿಯ ಚಳಿ, ಚಾಳಿನ ಸಣ್ಣ ಖೋಲಿ, ತುಂಬಿದ ಜನ.

"ನನಗ ನೆಗಡಿ ಆಗಿತ್ರೀ!"

"ಆಂ?"

"ಮೂಗ ಸೋರಾಕತ್ತಿತ್ತು. ಎಲ್ಲಾರ ಮುಂದ ಹೆಂಗ ಒರಸ್ಕೋಬೇಕ್ರಿ? ನಮ್ಮ ಅಜ್ಜನೂ ಕುರಿ ಕಾಯ್ದಾಂವನ."

ನಗುತ್ತ ನಗುತ್ತ ಅವಳ ಕಣ್ಣು ತುಂಬಿತು. ಅವಳು ಮಣ್ಣು ಮೆತ್ತಿದ ಎರಡೂ ಅಂಗೈಗಳನ್ನು ಅವನ ಮೂಗಿನ ಹತ್ತಿರ ಹಿಡಿದಳು.

"ಏನ್ ವಾಸನಿ ಹೇಳ್ರಿ?"

"ನಮ್ಮ ಹಟ್ಟೀದು" ಎಂದ ಅವನು, ಕೈ ಬಿಡದೆ.

ಉಳಿದದ್ದು ಅತ್ತೆ. ನಾಳೆಯವರೆಗೆ ಕಾಯಲಾರದೆ ಶೈಲಾ ತಾನೇ ಫೋನು ಮಾಡಿ ಎಲ್ಲವನ್ನೂ ಹೇಳಿದಳು.

"ಹೋದ ವರ್ಷದ ಬೀಜಕ್ಕ ಬೂದಿ ಹಚ್ಚಿ ಗಡಗ್ಯಾಗ ಇಟ್ಟೇನಿ ಬಿಡ. ಅದಿರ್ಲಿ, ಅಂವ ಬಾಯಿ ಬಿಟ್ನೋ ಇಲ್ಲೋ?"

"ಏನ್ರಿ ಅತ್ತಿ?"

"ನಿನ್ನ ಜೋಡಿ ಮಾತಾಡ್ಯಾನಿಲ್ಲೋ? ಅದಕ್ಕಂತನ ಎಂಟು ದಿನಾ ಇಲ್ಲಿ ಬಂದು ಕುಂತೇನಿ. ಮಗಳ ಮನ್ಯಾಗ ಉಂಡ ಉಂಡ ಬ್ಯಾಸರ ಆಗೇತಿ."

ಶೈಲಾ ಪ್ರಭುವಿನತ್ತ ನೋಡಿದಳು. ಅವನು ಪೈಪನ್ನು ಅನವಶ್ಯಕವಾಗಿ ಸುತ್ತುತ್ತಿದ್ದ. ಕಿವಿಗಳು ಮಾತ್ರ ಕೆಂಪಾಗಿದ್ದವು.

"ಮಾತಾಡ್ಯಾರ್ರಿ."

"ಹಂಗಾರ ಇನ್ನ ಎರಡು ದಿನಾ ಬಿಟ್ಟ ಬರ್ತೇನಿ."

ಹೊತ್ತು ಇಳಿದಾಗ ಚಿಂದಿ ಕಟ್ಟಿದ ಗಿಡದ ತುದಿಯ ಎರಡು ಎಲೆಗಳು ನಿಗುರಿದ್ದವು. ಉಳಿದವುಗಳ ಮಾತು ನಾಳೆಗೆ. ಹಟ್ಟಿಯಿಂದ ಬಂದ ಪ್ರಭು ವಾಡಿಕೆಯಂತೆ ಬಚ್ಚಲಿಗೆ ಹೊರಟ. ಶೈಲಾ ಬಾಗಿಲಲ್ಲೇ ನಿಂತು ಅವನ ಕೈಯಿಂದ ಸಾಬೂನು ತೆಗೆದುಕೊಂಡಳು.

"ಇವತ್ತ ಬರೇ ನೀರ ಸಾಕು."

ಆಮೇಲೆ ಅಂಗಳದ ಅವನ ಹೊರಸಿನ ಪಕ್ಕಕ್ಕೆ ಇನ್ನೊಂದು ಹೊರಸು ಎಳೆದಳು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಇಬ್ಬರೂ ನೋಡಲಿಲ್ಲ.