ಸೀಮೆಸುಣ್ಣದ ಹೆಸರು

“ಬೋರ್ಡ್ ಮೇಲಿದ್ದ ನನ್ನ ಹೆಸರು ಅಳಿಸಿದ್ದು ಯಾರು?”

ಬಾಗಿಲಲ್ಲಿ ನಿಂತಿದ್ದ ಡಾಕ್ಟರ ಮುಖ ಕೆಂಡವಾಗಿತ್ತು. ಸ್ಟೋರ್ ರೂಮಿನಿಂದ ಹೊರಬಂದ ಸಿಸ್ಟರ್ ಊದಿಕೊಂಡ ಕಣ್ಣು ಒರೆಸಿಕೊಂಡಳು.

“ನಾನೇ...”

“ಬೋರ್ಡ್ ಖಾಲಿ ನೋಡಿ ಜನರೆಲ್ಲ ವಾಪಸ್ ಹೋಗಿದ್ದಾರೆ. ಹೆರಿಗೆ ನೋವು ಬಂದವಳನ್ನೂ ಆಟೋದಲ್ಲಿ ಪಟ್ಟಣಕ್ಕೆ ಒಯ್ಯುತ್ತಿದ್ದರು. ದಾರಿಯಲ್ಲಿ ನಾನು ಸಿಗದೇ ಇದ್ದಿದ್ರೆ?”

ಅವಳು ವಾಪಸ್ ಬಂದ ಆಟೋದಿಂದ ಆ ಹೆಂಗಸನ್ನು ಇಳಿಸಿಕೊಂಡು ಹೆರಿಗೆ ಕೋಣೆಗೆ ಓಡಿದಳು.

ಆ ಹಳ್ಳಿ ಆಸ್ಪತ್ರೆಯಲ್ಲಿ ಡಾಕ್ಟರ ಹೆಸರನ್ನು ಬಣ್ಣದಲ್ಲಿ ಬರೆಸುವುದನ್ನು ಅವಳು ಬಿಟ್ಟು ಎಷ್ಟೋ ಕಾಲವಾಗಿತ್ತು. ಬಣ್ಣ ಒಣಗುವಷ್ಟರಲ್ಲಿ ವರ್ಗಾವಣೆ! ಹದಗೆಟ್ಟ ರಸ್ತೆ, ಕೈಕೊಡುವ ಕರೆಂಟು, ಸೋರುವ ಕ್ವಾರ್ಟರ್ಸು... ಯಾರು ತಾನೇ ನಿಲ್ಲುತ್ತಾರೆ? ಹಾಗಾಗಿ ಬಂದವರ ಹೆಸರು ಸೀಮೆಸುಣ್ಣದಲ್ಲಿ. ಹೋದರೆ ಒದ್ದೆ ಬಟ್ಟೆ.

ಇವತ್ತು ಬೆಳಿಗ್ಗೆ ಈ ಡಾಕ್ಟರ್ ಬೈಕಿಗೆ ದೊಡ್ಡ ಚೀಲ ಕಟ್ಟಿಕೊಂಡು ಹೊರಟದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ‘ಇವನೂ ಹೋದನಾ? ಒಂದು ಮಾತೂ ಹೇಳದೆ?’ ಹೆಸರು ಅಳಿಸಿ, ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಹೊರಗೆ ಯಾರು ಬಂದರು, ಯಾರು ಹೋದರು, ಒಂದೂ ತಿಳಿಯಲಿಲ್ಲ.

ಸಂಜೆ ಹೊತ್ತಿಗೆ ಮಗು ಅತ್ತಿತು. ತಾಯಿಯೂ ಚೆನ್ನಾಗಿದ್ದಳು. ಡಾಕ್ಟರೂ ಸಿಸ್ಟರೂ ಸುಸ್ತಾಗಿ ವರಾಂಡದ ಬೆಂಚಿನ ಮೇಲೆ ಕುಸಿದರು.

“ನನ್ನಿಂದ ಎರಡು ಜೀವ ಹೋಗ್ತಿತ್ತು,” ಅವಳು ತಲೆ ತಗ್ಗಿಸಿದಳು.

“ಹೇಳದೆ ಹೋದದ್ದು ನನ್ನದೂ ತಪ್ಪೇ. ರೋಗಿಗಳು ಬರೋಷ್ಟರಲ್ಲಿ ಬಂದುಬಿಡ್ತೀನಿ ಅಂದ್ಕೊಂಡೆ. ಬೈಕ್ ಪಂಕ್ಚರ್ ಆಯ್ತು.” ಅವನು ಚೀಲ ಬಿಚ್ಚಿದ. ಒಳಗೆ ಲಸಿಕೆ ಫ್ರಿಜ್ಜಿನ ಸುಟ್ಟುಹೋಗಿದ್ದ ಸ್ಟೆಬಿಲೈಜರ್, ರಿಪೇರಿಯಾಗಿ ಬಂದಿತ್ತು!

“ಇದಕ್ಕೋಸ್ಕರ...?”

“ಲಸಿಕೆ ಕೆಡಬಾರದು ಅಂತ ದಿನಾ ನೀವು ಬಿಸಿಲಲ್ಲಿ ಐಸ್ ಹೊತ್ತು ತರೋದು ನೋಡೋಕೆ ಆಗ್ತಿರಲಿಲ್ಲ ಕಣ್ರೀ.”

ಅವಳ ದಣಿವನ್ನು ಕಂಡವರು ಈವರೆಗೆ ಯಾರೂ ಇರಲಿಲ್ಲ.

ಅವನು ಚೀಲದಿಂದ ಇನ್ನೊಂದು ಪುಟ್ಟ ಡಬ್ಬಿ ತೆಗೆದ. ಬಿಳಿ ಬಣ್ಣ. ಜೊತೆಗೊಂದು ಬ್ರಷ್ಷು.

“ನನ್ನ ಹೆಸರು ಬರೀತೀರಾ?”

“ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು.”

“ಪರವಾಗಿಲ್ಲ. ಆದ್ರೆ ನೀವು ನನಗೆ ‘ಇಲ್ಲೇ ಇರಿ’ ಅಂದ್ರೆ ಮಾತ್ರ ಬರೀರಿ.”

ಎಷ್ಟು ಡಾಕ್ಟರುಗಳು ಬಂದು ಹೋದರು! ಒಬ್ಬರಿಗೂ ಅವಳು ಆ ಮಾತು ಹೇಳಿರಲಿಲ್ಲ. ಹೇಳಿಯೂ ಅವರು ಹೋಗಿಬಿಟ್ಟರೆ ಎಂಬ ಭಯ. ಈಗಲೂ ಅದೇ ಭಯ. ಆದರೂ ಬ್ರಷ್ ತೆಗೆದುಕೊಂಡಳು.

“ಇರಿ...”

“ಅಷ್ಟೇನಾ?”

“ಬಣ್ಣ ಒಣಗಲಿ,” ಅವಳು ಅಳುತ್ತಲೇ ನಕ್ಕಳು. “ಉಳಿದದ್ದು ಆಮೇಲೆ ಹೇಳ್ತೀನಿ.”