ಉಳಿದುಹೋದ ಅರ್ಧ ಪಾಠ

"ಸಾಹೇಬ ಸಿಟ್ಟಿಲೆ ಮಾತಾಡಾಕ ಹತ್ಯಾನ. ನಿಮ್ಮ ಮಾತು ಮಾತ್ರ ಬೆಲ್ಲದಂಗ ಐತಿ. ಆತ ಏನಂದಾನ, ಅದನ್ನ ಹೇಳ್ರಿ."

ಬಾಗಿಲ ಮರೆಯಿಂದ ಬಂದ ಆ ದನಿಗೆ ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅದು ಬೈಲಹೊಂಗಲದ ಹತ್ತಿ ವ್ಯಾಪಾರಿ ಅಂದಾನೆಪ್ಪನ ಅಂಗಳ. ಅರಳೆ ಕೊಳ್ಳಲು ಮುಂಬಯಿಯಿಂದ ಬಂದಿದ್ದ ಫ್ರಾನ್ಸ್ ದೇಶದ ಬೆರ್ನಾರ್ ಸಾಹೇಬ ಅರಳೆ ತುಂಬಿದ ಒಂದು ಅಂಡಿಗೆಯ ಬಾಯಿ ಬಿಚ್ಚಿ ಗುಡುಗುತ್ತಿದ್ದ. ಪಕ್ಕದಲ್ಲಿ ನಿಂತು ಅವನ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದವನು ದುಭಾಷಿ ವೀರಪ್ಪ. ಮುರಗೋಡದ ಹುಡುಗ, ಮುಂಬಯಿಯ ಒಂದು ಪರಂಗಿ ಅಂಗಡಿಯಲ್ಲಿ ದುಡಿಯುತ್ತ ಫ್ರೆಂಚ್ ಕಲಿತವನು.

ವೀರಪ್ಪನ ಮುಖ ಕೆಂಪಾಯಿತು. ಕೊನೆಗೆ ತಲೆ ತಗ್ಗಿಸಿ ನಿಜ ಹೇಳಿದ. ಅರಳೆಗೆ ನೀರು ಚಿಮುಕಿಸಿ ತೂಕ ಹೆಚ್ಚಿಸಿದ್ದಾರೆ, ಇವರು ಕಳ್ಳರು ಎಂದಿದ್ದನಂತೆ ಸಾಹೇಬ.

ಅಂದಾನೆಪ್ಪ ಅಲ್ಲೇ ಅಂಡಿಗೆ ಪೂರ್ತಿ ಬಿಚ್ಚಿಸಿದ. ಮೇಲಿನ ಪದರಕ್ಕಷ್ಟೇ ಮಂಜಿನ ತೇವ ತಾಗಿತ್ತು. ಒಳಗೆಲ್ಲ ಗರಿಗರಿ ಒಣಗಿದ ಅರಳೆ. ಸಾಹೇಬ ಟೋಪಿ ತೆಗೆದು ಕ್ಷಮೆ ಕೇಳಿದ.

ಹೋಗುವಾಗ ವೀರಪ್ಪ ಬಾಗಿಲ ಕಡೆ ಒಮ್ಮೆ ನೋಡಿದ. ಅಲ್ಲಿ ನಿಂತಿದ್ದವಳು ಅಂದಾನೆಪ್ಪನ ಮಗಳು ಸಿದ್ದಲಿಂಗವ್ವ. ಅವಳು ಕಣ್ಣು ತಗ್ಗಿಸಲಿಲ್ಲ...

ಚಿಕ್ಕಂದಿನಲ್ಲೇ ಮದುವೆಯಾಗಿ, ಗಂಡನ ಮನೆ ಸೇರುವ ಮೊದಲೇ ವಿಧವೆಯಾಗಿ ತವರಲ್ಲಿ ಉಳಿದವಳು ಅವಳು. ಕನ್ನಡ ಸಾಲಿ ಓದಿದ್ದಳು. ಇಷ್ಟು ಚುರುಕಾದ ಮಗಳಿಗೆ ಫ್ರೆಂಚ್ ಭಾಷೆಯನ್ನೇ ಕಲಿಸಿದರೆ ಹೇಗೆ ಎಂದು ಅಂದಾನೆಪ್ಪನಿಗೆ ಅನ್ನಿಸಿತು. ಕಲಿಸಲು ವೀರಪ್ಪನನ್ನೇ ಕೇಳಿಕೊಂಡ.

ದಿನಾ ಸಂಜೆ ಪಡಸಾಲೆಯಲ್ಲಿ ಪಾಠ. ಅಪ್ಪ ಎದುರಿಗೇ ಗಾದಿಯ ಮೇಲೆ ಕೂತಿರುತ್ತಿದ್ದ.

ಸರ್ವನಾಮಗಳ ಪಾಠ ಬಂದಾಗ ಸಿದ್ದಲಿಂಗವ್ವನಿಗೆ ಬೆರಗೋ ಬೆರಗು. ಆ ಭಾಷೆಯಲ್ಲಿ ಒಬ್ಬನನ್ನು ಗೌರವದಿಂದ 'ಅವರು' ಅನ್ನುವಂತಿಲ್ಲವಂತೆ. ರಾಜನೂ 'ಇಲ್', ಕಳ್ಳನೂ 'ಇಲ್'. ಹೆಂಗಸು ಯಾರೇ ಇರಲಿ, 'ಎಲ್'.

"ಹಂಗಾದ್ರ ಅಲ್ಲಿ ಹೆಂಡ್ತಿ ಗಂಡನ್ನ ಏನಂತ ಕರೀತಾಳ?" ಎಂದು ಕೇಳಿದಳು.

"ಹೆಸರು ಹಿಡದ ಕರೀತಾಳ್ರಿ."

ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಮಗಳು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ, ಅಂದಾನೆಪ್ಪ ಮುಖ ಆಚೆ ತಿರುಗಿಸಿದ.

'ಅವನನ್ನು' ಎಂಬುದಕ್ಕೆ 'ಲ', 'ಅವಳನ್ನು' ಎಂಬುದಕ್ಕೆ 'ಲಾ'. ಅವು ಕನ್ನಡದ ಹಾಗೆಯೇ ಕ್ರಿಯಾಪದಕ್ಕಿಂತ ಮೊದಲು ಬಂದು ಕೂರುತ್ತವೆ. 'ನಾನು ಅವನನ್ನು ನೋಡುತ್ತೇನೆ' ಅನ್ನುವಾಗಿನ ಅದೇ ಕ್ರಮ! ಆ ವಾಕ್ಯವನ್ನು ಫ್ರೆಂಚಿನಲ್ಲಿ ಹೇಳುವಾಗ ಅವಳ ದನಿ ಯಾಕೋ ಸಣ್ಣದಾಯಿತು. ವೀರಪ್ಪನೂ ತಲೆ ಎತ್ತಲಿಲ್ಲ.

ಮುಂದಿನ ಪಾಠ 'ಲುಯಿ'. ವೀರಪ್ಪ ತನ್ನ ಸೋದರತ್ತೆಯ ಉದಾಹರಣೆ ಕೊಟ್ಟ. 'ಅತ್ತೆಗೆ ಸೀರೆ ತಂದೆ, ಆಕೆಗೆ ಕೊಟ್ಟೆ.' ಆ 'ಆಕೆಗೆ' ಎನ್ನುವುದೇ 'ಲುಯಿ'. ಅಷ್ಟರಲ್ಲಿ ಸಾಹೇಬನ ಕಡೆಯಿಂದ ಕರೆ ಬಂತು. ಇದರಲ್ಲಿ ಇನ್ನೂ ಅರ್ಧ ಉಳಿದಿದೆ, ನಾಳೆ ಹೇಳುತ್ತೇನೆ ಎಂದು ಎದ್ದುಹೋದ.

ಮರುದಿನ ಬೆಳಿಗ್ಗೆ ಅವಳು ಅಂಡಿಗೆಗಳ ಹಿಂದೆ ಇದ್ದಾಗ ಆ ಬದಿಯಲ್ಲಿ ಸಾಹೇಬ ನಗುತ್ತ ಏನೋ ಕೇಳುವುದು ಕೇಳಿಸಿತು. ಮದುವೆ ಎಂಬ ಮಾತು ಅವಳಿಗೆ ತಿಳಿಯಿತು. ವೀರಪ್ಪ ಮೆಲ್ಲಗೆ ಉತ್ತರಿಸಿದ.

"ಜ ಲುಯಿ ಏ ದೊನೆ ಮಾ ಪರೋಲ್."

ಅವಳು ಒಂದೊಂದೇ ಪದ ಜೋಡಿಸಿಕೊಂಡಳು. ನಾನು... ಆಕೆಗೆ... ಮಾತು ಕೊಟ್ಟಿದ್ದೇನೆ.

ಯಾರು ಆ ಆಕೆ? ಮುಂಬಯಿಯವಳೇ? ಮುರಗೋಡದವಳೇ? ನಾನೆಂಥ ಹುಚ್ಚಿ... ಎರಡಕ್ಷರ ಕಲಿಸಿದ ಮಾತ್ರಕ್ಕೆ ಏನೇನೋ ಅಂದುಕೊಂಡೆನಲ್ಲ!

ಆ ಸಂಜೆ ಅವಳು ಪಡಸಾಲೆಗೆ ಬರಲಿಲ್ಲ. ವೀರಪ್ಪ ಬಾಗಿಲಲ್ಲಿ ನಿಂತು ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿದ. ಅವಳು ಹೊರಗೆ ಬರದೆಯೇ ಹೇಳಿದಳು.

"ಮಾತು ಕೊಟ್ಟೀರಂತಲ್ಲ, ಉಳಿಸಿಕೊಳ್ರಿ. ನನಗ ಪಾಠ ಸಾಕು."

ವೀರಪ್ಪ ಬಿಳಿಚಿಕೊಂಡ. ಬಂದ ದಾರಿಯಲ್ಲೇ ಹೊರಟುಹೋದ.

ಅದೇ ವಾರ ಅಪ್ಪ ಅವಳ ಹತ್ತಿರ ಕೂತು ಉಡಿಕಿಯ ಮಾತೆತ್ತಿದ. ಅವರ ಮನೆತನಗಳಲ್ಲಿ ವಿಧವೆ ಉಡಿಕಿಯಾಗಿ ಮತ್ತೊಂದು ಸಂಸಾರ ಹೂಡುವುದು ಉಂಟು. ಆದರೆ ಸಿದ್ದಲಿಂಗವ್ವ ಅವನ ಮಾತು ಮುಗಿಯಲು ಬಿಡಲಿಲ್ಲ.

"ಬ್ಯಾಡ ಅಪ್ಪಾ. ಯಾರ ಹೆಸರನ್ನೂ ನನ್ನ ಮುಂದ ತರಬ್ಯಾಡ."

ಅವನು ಮತ್ತೆ ತರಲಿಲ್ಲ. ಹತ್ತಿಯ ಸುಗ್ಗಿ ಮುಗಿಯಿತು. ವೀರಪ್ಪ ಸಾಹೇಬನ ಜೊತೆ ಫ್ರಾನ್ಸಿಗೆ ಹಡಗು ಹತ್ತಿದನೆಂದು ಆಮೇಲೆ ಸುದ್ದಿ ಬಂತು.

ಹತ್ತಾರು ವರ್ಷ ಕಳೆದವು. ಅಪ್ಪನ ಕೈಕಾಲು ಸೋತವು, ವ್ಯಾಪಾರ ಸಿದ್ದಲಿಂಗವ್ವನ ಕೈಗೆ ಬಂತು. ಒಮ್ಮೆ ಫ್ರಾನ್ಸಿನ ಇನ್ನೊಬ್ಬ ಸಾಹೇಬ ಅರಳೆಗೆ ಬಂದ. ಅವಳ ಹರುಕು ಮುರುಕು ಫ್ರೆಂಚ್ ಕೇಳಿ ಖುಷಿಯಾದ. ತಕ್ಕಡಿಯ ಬಳಿ ನಿಂತಿದ್ದ ಹಮಾಲ ಹಣಮಂತಪ್ಪನತ್ತ ಕೈ ತೋರಿಸಿ, "ದೀತ್ ಲುಯಿ..." ಎಂದ. ಅಂದರೆ ಹೇಳಿ... ಆಕೆಗೆ?

ಅಲ್ಲಿ ಹೆಂಗಸು ಯಾರೂ ಇರಲಿಲ್ಲ.

ಅವಳು ತಡೆದು ಕೇಳಿದಳು. ಸಾಹೇಬ ನಕ್ಕು ವಿವರಿಸಿದ. ಗಂಡಸಾದರೂ ಅದೇ, ಹೆಂಗಸಾದರೂ ಅದೇ. ಅವನಿಗೆ ಎಂದರೂ 'ಲುಯಿ', ಆಕೆಗೆ ಎಂದರೂ 'ಲುಯಿ'.

ಸಿದ್ದಲಿಂಗವ್ವ ತಕ್ಕಡಿಯ ಕಂಬ ಹಿಡಿದು ನಿಂತಳು. ಉಳಿದ ಅರ್ಧ ಪಾಠ ಇದೇ ಆಗಿತ್ತೇ? ಹಾಗಾದರೆ ವೀರಪ್ಪ ಮಾತು ಕೊಟ್ಟದ್ದು ಗಂಡಸಿಗೂ ಇರಬಹುದು... ಅದೇ ವಾರ ಅಪ್ಪ ಉಡಿಕಿಯ ಮಾತೆತ್ತಿದ್ದನಲ್ಲ!

ನೇರ ಅಪ್ಪನ ಹಾಸಿಗೆಯ ಬಳಿ ಹೋಗಿ, ವೀರಪ್ಪ ಅಂದು ಯಾರಿಗೆ ಮಾತು ಕೊಟ್ಟಿದ್ದ ಎಂದು ಕೇಳಿದಳು. ಮುದುಕ ಅವಳತ್ತ ಹೊರಳಿದ.

"ನನಗ ಕೊಟ್ಟಿದ್ನವ್ವ. ನಿನ್ನ ಉಡಿಕಿ ಮಾಡಿಕೊಳ್ತೇನಿ ಅಂತ ಕೇಳಾಕ ಬಂದಿದ್ದ. ಹಿರ್‍ಯಾರು ಒಪ್ಪೂತನಕ ಹುಡುಗಿಗೆ ಆಸೆ ಹಚ್ಚಬ್ಯಾಡ, ಮಾತು ಕೊಡು ಅಂದೆ. ಕೊಟ್ಟ."

"ನನಗ ಯಾಕ ಹೇಳಲಿಲ್ಲ ಅಪ್ಪಾ?"

"ಯಾರ ಹೆಸರೂ ತರಬ್ಯಾಡ ಅಂತ ನೀ ಅಂದ್ಯಲ್ಲ... ನಿನ್ನ ಮನಸ್ಸಿನ್ಯಾಗಿಲ್ಲ ಅಂತ ನಾನ ಅವಗ ಹೇಳಿ ಕಳಿಸಿದೆ."

ಅವಳು ಅಪ್ಪನ ಕೈ ಹಿಡಿದುಕೊಂಡು ಅತ್ತಳು. ಬೈಯಬೇಕೆಂದರೆ ತನ್ನನ್ನೇ ಬೈದುಕೊಳ್ಳಬೇಕಿತ್ತು.

ಮುರಗೋಡಕ್ಕೆ ಗಾಡಿ ಕಟ್ಟಿಸಿಕೊಂಡು ಹೋದಳು. ವೀರಪ್ಪನ ಸೋದರತ್ತೆ ಗುರುಬಸವ್ವ ಅವಳನ್ನು ಒಳಗೆ ಕರೆದು ಕೂರಿಸಿದಳು. ಫ್ರಾನ್ಸಿನ ಕಡೆ ದೊಡ್ಡ ಯುದ್ಧ ಹತ್ತಿದೆ, ಅವನ ಸುದ್ದಿಯೇ ಇಲ್ಲ ಎಂದಳು.

ಸಿದ್ದಲಿಂಗವ್ವ ಕಾದಳು. ಕಾಯುತ್ತಿರುವಾಗಲೇ ಅಪ್ಪ ತೀರಿಕೊಂಡ. ಯುದ್ಧ ಮುಗಿದ ಮರುವರ್ಷ ಗುರುಬಸವ್ವ ಹೇಳಿ ಕಳಿಸಿದಳು, ವೀರಪ್ಪ ಬಂದಿದ್ದಾನೆ ಎಂದು.

ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ಕೂದಲು ನರೆತಿತ್ತು. ಗಾಡಿಯಿಂದ ಇಳಿದವಳನ್ನು ಕಂಡು ಎದ್ದು ನಿಂತ, ಉಸಿರು ಹತ್ತಿ ಮತ್ತೆ ಕೂತ.

ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅಂಡಿಗೆಗಳ ಹಿಂದೆ ಕೇಳಿಸಿದ್ದು, ತಾನು ಅರ್ಥ ಮಾಡಿಕೊಂಡದ್ದು, ಅಪ್ಪನ ಬಾಯಿ ಮುಚ್ಚಿಸಿದ್ದು. ವೀರಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ.

"ಮಾತು ಉಳಿಸಿಕೊಳ್ರಿ ಅಂದಾಗ, ನಿಮಗ ಎಲ್ಲಾ ಗೊತ್ತಾಗೇತಿ, ನಾ ಬ್ಯಾಡ ಅನ್ನಾಕ ಹತ್ತೀರಿ ಅಂತ ತಿಳಕೊಂಡೆ," ಎಂದ. "ಒಂದ ಮಾತು ಕೇಳಬೇಕಿತ್ತು ನಾನು."

"ನಾನೂ ಕೇಳಲಿಲ್ಲ."

ಹೋದ ವರ್ಷಗಳಿಗೆ ಹೇಳುವ ಸಮಾಧಾನ ಯಾರ ಹತ್ತಿರವೂ ಇರಲಿಲ್ಲ.

ವೀರಪ್ಪನಿಗೆ ಕೆಮ್ಮು ಬಂತು, ಬಹಳ ಹೊತ್ತು ನಿಲ್ಲಲಿಲ್ಲ.

"ಅಲ್ಲೆ ಯುದ್ಧದಾಗ ವಿಷದ ಹೊಗಿ ಕುಡದೇನ್ರಿ. ಮುಂಚಿನ ವೀರಪ್ಪ ಅಲ್ಲ ನಾ. ಎಷ್ಟು ದಿನ ಇರತೇನೋ, ಏನೋ..."

"ಇರೂತನಕ ನೀರು ಕೊಡಾಕ ಒಬ್ಬಾಕಿ ಬೇಕಲ್ಲ."

"ಈ ವಯಸ್ಸಿನ್ಯಾಗ? ಊರು ಏನಂತೈತಿ?"

"ಊರಿಗೆ ಅಂಜಿ ನಾ ನಿಮ್ಮನ್ನ ಕಳಕೊಳ್ಳಲಿಲ್ಲ, ಕೇಳದ ಕಳಕೊಂಡೆ," ಎಂದಳು ಸಿದ್ದಲಿಂಗವ್ವ. ಕಣ್ಣು ತುಂಬಿದ್ದರೂ ದನಿ ಗಟ್ಟಿಯಾಗಿತ್ತು. "ಅದಕ್ಕ ಇವತ್ತು ಕೇಳಾಕ ಬಂದೇನಿ. ನನ್ನ ಉಡಿಕಿ ಮಾಡಿಕೊಳ್ತೀರೇನು?"

ಅವನು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡ. ಕಟ್ಟೆಯ ಮೇಲೆ ಬದಿಗೆ ಸರಿದು ಅವಳಿಗೆ ಜಾಗ ಮಾಡಿದ. ಅವಳು ಕೂತಳು.

"ಎತ್ತು ಬಿಚ್ಚಾಕ ಹೇಳ್ರಿ," ಎಂದ. "ಅತ್ತಿ ರೊಟ್ಟಿ ಬಡ್ಯಾಕ ಹತ್ಯಾಳ. ಉಂಡು ಬೈಲಹೊಂಗಲಕ್ಕ ಹೋಗೋಣು."

"ಯಾರ್‍ಯಾರು?"

"ಇಬ್ಬರೂ."