ಕೂಗದ ಕುಕ್ಕರುಗಳು

ಬೆಳಿಗ್ಗೆ ಪೊಲೀಸಕ್ಕ ಚೌಕಿಯ ಬೀಗ ತೆಗೆಯುವಷ್ಟರಲ್ಲಿ ಟೈಲರಮ್ಮ ಕುಕ್ಕರ್ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದವಳೇ ಅದನ್ನು ಮೇಜಿನ ಮೇಲೆ ದಡಕ್ಕನೆ ಇಟ್ಟಳು.

"ನೋಡಕ್ಕಾ! ನನ್ನ ಕುಕ್ಕರಿನ ಬಾಯಿ ಕಟ್ಟಿಬಿಟ್ಟಿದಾರೆ."

ಪೊಲೀಸಕ್ಕ ಮುಚ್ಚಳ ತಿರುಗಿಸಿ ನೋಡಿದಳು. ವಿಷಲ್ ಇರಲಿಲ್ಲ.

"ಎಲ್ಲಿಟ್ಟಿದ್ರಿ?"

"ರಾತ್ರಿ ತೊಳೆದು ಅಡುಗೆಮನೆ ಕಿಟಕಿ ಕಟ್ಟೆ ಮೇಲೆ. ದಿನಾ ಅಲ್ಲೇ ಒಣಗಿಸೋದು."

"ಸರಳಿಲ್ವಾ?"

"ಇದೆ. ಕೈ ತೂರುತ್ತೆ."

"ಬೇರೇನು ಹೋಗಿದೆ?"

"ಅದೇ ತಮಾಷೆ! ಪಕ್ಕದಲ್ಲೇ ನನ್ನ ಮದುವೆಯ ಬೆಳ್ಳಿ ಚಮಚ ಇತ್ತು. ಮುಟ್ಟಿಲ್ಲ. ಬೆಳ್ಳಿ ಬಿಟ್ಟು ವಿಷಲ್ ಕದಿಯೋ ಮಹಾನುಭಾವ ಯಾರಕ್ಕಾ? ಹಿಡಿದ್ರೆ ನನಗೊಂದ್ಸಲ ತೋರಿಸಿ. ಬೈಯೋದಕ್ಕಲ್ಲ, ನೋಡೋದಕ್ಕೆ."

ಇದು ಮೊದಲನೆಯದಲ್ಲ. ಆ ಬಡಾವಣೆಯ ಕಿಟಕಿಗಳಿಂದ ಒಂದೊಂದೇ ವಿಷಲ್ ಮಾಯವಾಗುತ್ತಿತ್ತು. ಹೊಸದು ತಂದವರ ಹೊಸದೂ ಹೋಗುತ್ತಿತ್ತು. ಇಷ್ಟು ಸಣ್ಣ ಕಳವಿಗೂ ಜನ ಚೌಕಿಗೆ ಬರುತ್ತಿದ್ದುದಕ್ಕೆ ಕಾರಣ ಪೊಲೀಸಕ್ಕನೇ. ಅವಳು ದಿನವೂ ಬೀದಿ ಬೀದಿ ನಡೆಯುತ್ತಿದ್ದಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯ ಯಜಮಾನ ಕಚ್ಚುತ್ತಾನೆ, ಎರಡೂ ಅವಳಿಗೆ ಗೊತ್ತಿತ್ತು.

ಹನ್ನೊಂದಕ್ಕೆ ಠಾಣೆಯಿಂದ ಕರೆ ಬಂತು.

ಇನ್‌ಸ್ಪೆಕ್ಟರರ ಕೋಣೆಯ ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಬಡಾವಣೆಯ ನಕ್ಷೆ. ದೂರು ಬಂದ ಕಡೆಯೆಲ್ಲ ಕೆಂಪು ಚುಕ್ಕೆ. ಪಕ್ಕದಲ್ಲಿ ಅದನ್ನು ಸಿದ್ಧಪಡಿಸುವ ಹೆಂಗಸು. ಠಾಣೆಯವರೆಲ್ಲ ಅವಳನ್ನು ನಕ್ಷೆ ಮೇಡಂ ಎನ್ನುತ್ತಿದ್ದರು. ಬಾಗಿಲಿಗೆ ಒರಗಿ ನಿಂತ ಜೀಪಿನ ಡ್ರೈವರ್ ನಿಂತಲ್ಲೇ ತೂಕಡಿಸುತ್ತಿದ್ದ.

"ನೋಡಮ್ಮ," ಎಂದರು ಇನ್‌ಸ್ಪೆಕ್ಟರ್, "ನೀನು ಬರೋ ಮುಂಚೆ ಈ ಬಡಾವಣೆ ಹೀಗೆ ಕೆಂಪಗಿರಲಿಲ್ಲ."

"ಮುಂಚೆ ಯಾರೂ ಬಂದು ಹೇಳ್ತಿರಲಿಲ್ಲ ಸಾರ್. ಈಗ ಹೇಳ್ತಾರೆ."

"ಅದು ನಿನ್ನ ವಾದ. ಇದು ಲೆಕ್ಕ. ಜನಸ್ನೇಹಿ ಪೊಲೀಸು ಅಂತ ಮನೆ ಮನೇಲಿ ಟೀ ಕುಡಿದಿದ್ದಾಯ್ತು. ಕೆಂಪು ಇರೋ ಕಡೆ ಗಸ್ತು ಹೆಚ್ಚಿಸಬೇಕು. ಮೊದಲು ವಾರಕ್ಕೆರಡು ರಾತ್ರಿ ಇತ್ತು, ಈಗ ದಿನಾ ಮಾಡಿದೀನಿ. ಜೊತೆಗೆ ಕ್ಯಾಮೆರಾ ಬರುತ್ತೆ."

"ಚೌಕಿ?"

"ಸೋಮವಾರ ಮುಚ್ತೀನಿ. ನೀನು ಕ್ಯಾಮೆರಾ ಕೋಣೇಲಿ ಕೂತ್ಕೋ."

ಆ ಬೀದಿಗಳಲ್ಲಿ ನಡೆಯುವುದು ನಿಂತರೆ ತಾನು ಎಲ್ಲಿಗೆ ನಡೆಯಬೇಕೆಂದು ಅವಳಿಗೇ ತಿಳಿಯದು.

"ಅಷ್ಟರೊಳಗೆ ಕಳ್ಳ ಸಿಕ್ಕಿದ್ರೆ?"

"ಸಿಕ್ಕಾಗಿದೆ. ಕುಕ್ಕರ್ ರಿಪೇರಿಯವನು. ವಿಷಲ್ ಕಳೆದ್ರೆ ಲಾಭ ಯಾರಿಗೆ? ಅವನಿಗೇ ತಾನೆ?" ಇನ್‌ಸ್ಪೆಕ್ಟರ್ ನಕ್ಷೆಯ ನಡುವೆ ಬೆರಳಿಟ್ಟರು. ಕೆಂಪು ಚುಕ್ಕೆಗಳು ಉಂಗುರದಂತೆ ಸುತ್ತುವರಿದಿದ್ದವು. ನಡುವೆ ಒಂದು ಜಾಗ ಮಾತ್ರ ಹಾಲಿನಂತೆ ಬೆಳ್ಳಗಿತ್ತು. "ನೋಡು, ನಮ್ಮ ಪೊಲೀಸ್ ಕ್ವಾರ್ಟರ್ಸ್! ಒಂದೇ ಒಂದು ಕಳವಿಲ್ಲ. ಕಳ್ಳನಿಗೂ ಭಯ ಇರುತ್ತಮ್ಮ."

ಹೊರಗೆ ಬಂದಾಗ ನಕ್ಷೆ ಮೇಡಂ ಹಿಂದೆಯೇ ಬಂದಳು.

"ನನ್ನ ಮೇಲೆ ಸಿಟ್ಟಾ?"

"ನಿಮ್ಮ ಮೇಲೆ ಯಾಕೆ? ನಕ್ಷೆ ಸುಳ್ಳು ಹೇಳಲ್ಲ."

"ಹೇಳಲ್ಲ. ಆದ್ರೆ ಯಾರೂ ಹೇಳದೇ ಇದ್ದದ್ದು ಅದಕ್ಕೂ ಗೊತ್ತಿರಲ್ಲ."

ರಿಪೇರಿಯವನ ಅಂಗಡಿ ಅಂಗೈಯಗಲ. ಅವನ ಬಾಯಿ ಮಾತ್ರ ಊರಗಲ.

"ನಾನೇ ಕಳ್ಳನಂತೆ! ಬೀದಿಯೆಲ್ಲ ಗುಸುಗುಸು. ಅಕ್ಕಾ, ಒಂದೊಂದು ಕಂಪನಿಗೆ ಒಂದೊಂದು ವಿಷಲ್. ಮಾರೋನಾದ್ರೆ ಓಡೋ ಮಾಲು ಕದೀತಾನೆ. ಇವನು ಯಾವ ಕಾಲದ್ದೋ ಹಳೇ ಕುಕ್ಕರಿನದನ್ನೂ ಬಿಟ್ಟಿಲ್ಲ. ಅದನ್ನ ಯಾರ ತಲೆ ಮೇಲಿಡೋದು?"

"ಹೊಸ ವಿಷಲ್ ತಗೊಳ್ಳೋಕೆ ಎಲ್ಲ ಕಡೆಯಿಂದಾನೂ ಬಂದ್ರಾ?"

"ಎಲ್ಲ ಬೀದಿಯೋರೂ ಬಂದ್ರು. ನಿಮ್ಮ ಕ್ವಾರ್ಟರ್ಸಿನೋರು ಬಿಟ್ಟು. ನಿಮಗೇನು, ಹುಲಿ ಗುಹೆ!"

ಸಂಜೆ ಅವಳು ಕ್ವಾರ್ಟರ್ಸಿಗೆ ಮರಳಿದಳು. ಮನೆಯಲ್ಲಿ ಈಗ ಇಬ್ಬರೇ, ಅವಳು ಮತ್ತು ಅತ್ತೆ. ಎದುರು ಮನೆಯಲ್ಲಿ ಒಂಟಿಯಾಗಿದ್ದ ಡ್ರೈವರಣ್ಣನ ಕಿಟಕಿಗೆ ಈ ಸೆಕೆಯಲ್ಲೂ ದಪ್ಪ ಕಂಬಳಿ ಬಡಿದಿತ್ತು. ಅದರ ಪಕ್ಕದ್ದೇ ಇನ್‌ಸ್ಪೆಕ್ಟರರ ಮನೆ.

ಅತ್ತೆ ತೆರೆದ ಪಾತ್ರೆಯಲ್ಲಿ ಅನ್ನ ಬಸಿಯುತ್ತಿದ್ದರು.

"ಈಚೆಗೆ ದಿನಾ ಪಾತ್ರೇಲೇ ಮಾಡ್ತೀರಲ್ಲ ಅತ್ತೆ?"

"ಗಂಜಿ ಬಸಿದ ಅನ್ನ ಮೈಗೆ ಒಳ್ಳೇದು ಕಣೆ."

"ಕುಕ್ಕರ್ ಎಲ್ಲಿ?"

"ಅಟ್ಟದ ಮೇಲೆ."

"ವಿಷಲ್?"

ಅತ್ತೆ ಸೌಟು ಕೆಳಗಿಟ್ಟರು. ಎತ್ತಿಕೊಂಡರು. ಮತ್ತೆ ಇಟ್ಟರು.

"ಅತ್ತೆ—?"

"ಹೋಯ್ತು ಕಣೆ! ಹೋಗಿ ಬಹಳ ದಿನ ಆಯ್ತು. ನಮ್ಮದೊಂದೇ ಅಲ್ಲ, ಇಡೀ ಕ್ವಾರ್ಟರ್ಸಿಂದು. ಪೊಲೀಸರ ಮನೇಲೇ ಕಳವು ಅಂದ್ರೆ ನಗೋರ ಮುಂದೆ ಎಡವಿ ಬಿದ್ದ ಹಾಗಲ್ವಾ? ಯಾರೂ ಬಾಯಿ ಬಿಡಬಾರದು ಅಂತ ಹೆಂಗಸರೆಲ್ಲ ಮಾತಾಡ್ಕೊಂಡ್ವಿ. ಹೊಸದು ತರೋಣ ಅಂದ್ರೆ ಆ ರಿಪೇರಿಯವನ ಬಾಯಿಗೆ ಬಾಗಿಲೇ ಇಲ್ಲ."

"ನನಗೂ ಹೇಳಲಿಲ್ಲವಲ್ಲ!"

"ನಿನಗೆ ಹೇಳಿದ್ರೆ ನೀನು ಬರ್ಕೊಳ್ತೀಯ. ಬರ್ಕೊಂಡ್ರೆ ನಿನ್ನ ಸಾಹೇಬ ನಿನ್ನನ್ನೇ ಬೈತಾನೆ. ಅದಕ್ಕೇ ಒಲೆ ಮೇಲೆ ಪಾತ್ರೆ ಇಟ್ಟೆ. ಕೈ ನೋವಾದ್ರೂ ಆಗ್ಲಿ ಅಂತ."

ಪೊಲೀಸಕ್ಕನಿಗೆ ಮೊದಲು ಕಣ್ಣು ತುಂಬಿತು. ಆಮೇಲೆ ನಗು ಬಂತು. ನಿಲ್ಲಿಸಲಾಗದ ನಗು. ಈ ಮನೆಯ ಗೋಡೆಗಳು ಅದನ್ನು ಕೇಳಿ ಬಹಳ ಕಾಲವಾಗಿತ್ತು. ಅತ್ತೆ ಗಾಬರಿಯಾಗಿ ನೋಡಿದರು, ಆಮೇಲೆ ತಾವೂ ಸೇರಿಕೊಂಡರು.

ಅವಳು ಟೋಪಿ ಹಾಕಿಕೊಂಡಳು.

"ಎಲ್ಲಿಗೇ?"

"ಗಸ್ತಿಗೆ ಅತ್ತೆ. ನಮ್ಮದೇ ಅಂಗಳ. ಇಲ್ಲಿ ನಡೆಯೋದೊಂದು ಬಾಕಿ ಇತ್ತು."

ಸೋಮವಾರ ಇನ್‌ಸ್ಪೆಕ್ಟರರ ಕೋಣೆ ತುಂಬಿತ್ತು. ಟೈಲರಮ್ಮ, ಮುಖ ಊದಿಸಿಕೊಂಡ ರಿಪೇರಿಯವನು, ನಕ್ಷೆ ಮೇಡಂ. ಬಾಗಿಲಲ್ಲಿ ಡ್ರೈವರ್.

"ಮೇಡಂ, ಈ ಮನೆಗಳನ್ನೂ ಸೇರಿಸಿ," ಎಂದಳು ಪೊಲೀಸಕ್ಕ.

ಅವಳು ಒಂದೊಂದೇ ಮನೆ ಹೇಳಿದಳು. ಬಿಳಿಯ ಜಾಗದಲ್ಲಿ ಕೆಂಪು ಚುಕ್ಕೆಗಳು ಮೂಡತೊಡಗಿದವು. ಇಡೀ ನಕ್ಷೆಯಲ್ಲಿ ಅಷ್ಟು ಕೆಂಪು ಬೇರೆಲ್ಲೂ ಇರಲಿಲ್ಲ.

ಇನ್‌ಸ್ಪೆಕ್ಟರ್ ಎದ್ದು ನಿಂತರು. "ಇದು... ನಮ್ಮ ಕ್ವಾರ್ಟರ್ಸು!"

"ದೀಪದ ಬುಡದಲ್ಲಿ ಕತ್ತಲೆ ಸಾರ್. ಕಳ್ಳ ಅಲ್ಲಿಗೆ ಬರಲಿಲ್ಲ ಅಂತಲ್ಲ, ಯಾರೂ ಹೇಳಲಿಲ್ಲ. ಟೈಲರಮ್ಮನ ಬೀದಿ ಕೆಂಪಗಿರೋದು ಅವರು ನಂಬಿ ಹೇಳಿದ್ದಕ್ಕೆ."

"ನಮ್ಮ ಮನೇದೂ?"

"ಮೊದಲು ಹೋಗಿದ್ದೇ ನಿಮ್ಮ ಮನೇದು ಸಾರ್. ಅಮ್ಮಾವ್ರೇ ಒಪ್ಕೊಂಡ್ರು."

"ಅದಕ್ಕೇನಾ ಊಟ ಇಷ್ಟು ತಡ!"

ಟೈಲರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬೆಳ್ಳಿ ಚಮಚ ಬಿಟ್ಟ," ಎಂದಳು ಪೊಲೀಸಕ್ಕ. "ಯಾರೂ ಕೊಳ್ಳದ ಹಳೇ ವಿಷಲ್ಲೂ ಕದ್ದ. ಅಂದ್ರೆ ಅವನಿಗೆ ವಿಷಲ್ ಬೇಕಾಗಿರಲಿಲ್ಲ. ಕೂಗು ಬೇಡವಾಗಿತ್ತು. ಬೆಳಿಗ್ಗೆ ಕುಕ್ಕರ್ ಕೂಗಿದ್ರೆ ಯಾರಿಗೆ ತೊಂದರೆ? ಆಗ ಮಲಗೋನಿಗೆ. ಈ ಚುಕ್ಕೆಗಳ ನಟ್ಟನಡುವೆ, ಎಲ್ಲ ಕುಕ್ಕರೂ ಕೇಳೋ ಜಾಗದಲ್ಲಿ ಮಲಗೋನಿಗೆ. ಮೇಡಂ, ಗಸ್ತಿನ ದಾರಿ ತೋರಿಸ್ತೀರಾ?"

ನಕ್ಷೆ ಮೇಡಂ ಒಂದು ಗುಂಡಿ ಒತ್ತಿದಳು. ನೀಲಿ ಗೆರೆಯೊಂದು ಕೆಂಪು ಉಂಗುರದ ಮೇಲೇ ಹರಿಯಿತು.

"ಅಯ್ಯೋ," ಎಂದಳು ಮೇಡಂ. "ಗಸ್ತು ಹೆಚ್ಚಿಸಿದ ಮೇಲೆ ಕಳವೂ ಹೆಚ್ಚಿತು. ಕಾರಣ ಗೊತ್ತಾಗದೆ ತಲೆ ಕೆಡಿಸ್ಕೊಂಡಿದ್ದೆ."

"ಕಳ್ಳನ ಹಿಂದೆ ಜೀಪು ಹೋಗ್ತಿಲ್ಲ ಸಾರ್. ಜೀಪಿನ ಜೊತೆ ಕಳ್ಳ ಹೋಗ್ತಿದಾನೆ. ಕಳವಾದಷ್ಟೂ ಗಸ್ತು. ಗಸ್ತು ಹೆಚ್ಚಿದಷ್ಟೂ ನಿದ್ದೆ ಇಲ್ಲ. ನಿದ್ದೆ ಇಲ್ಲದಷ್ಟೂ ಕಳವು. ಸೆಕೇಲೂ ಕಿಟಕಿಗೆ ಕಂಬಳಿ ಬಡಿದವರು ಕ್ವಾರ್ಟರ್ಸಿನಲ್ಲಿ ಒಬ್ಬರೇ— ಡ್ರೈವರಣ್ಣಾ, ಟೂಲ್ ಬಾಕ್ಸ್ ತರ್ತೀರಾ?"

ಡ್ರೈವರ್ ಬಾಗಿಲಿಗೆ ಒರಗಿ ನಿದ್ದೆ ಹೋಗಿದ್ದ.

ಎಬ್ಬಿಸಿದ ಮೇಲೆ ಅವನು ಮರುಮಾತಿಲ್ಲದೆ ಪೆಟ್ಟಿಗೆ ತಂದು ಮಗುಚಿದ. ವಿಷಲ್‌ಗಳು ಖಣಖಣ ಎಂದು ಮೇಜಿನ ತುಂಬ ಉರುಳಿದವು.

"ಅಕ್ಕಾ, ಅರೆಸ್ಟ್ ಮಾಡ್ಬಿಡಿ. ಲಾಕಪ್ಪಿನ ಹತ್ತಿರ ಅಡುಗೆಮನೆ ಇಲ್ಲ. ನಿದ್ದೆಯಾದ್ರೂ ಬರುತ್ತೆ."

"ನಾನು ಜೀಪಲ್ಲೇ ಇದ್ದೆನಲ್ಲಯ್ಯ!" ಇನ್‌ಸ್ಪೆಕ್ಟರ್ ಗುಡುಗಿದರು.

"ಇದ್ರಿ ಸಾರ್. ಕಣ್ಣು ಮುಚ್ಕೊಂಡು ಯೋಚನೆ ಮಾಡ್ತಿದ್ರಿ."

ಟೈಲರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಕೋಣೆಯೆಲ್ಲ ನಗು. ರಿಪೇರಿಯವನ ಊದಿದ ಮುಖವೂ ಇಳಿಯಿತು. "ಯಾವುದು ಯಾರದ್ದು ಅಂತ ನಾನೊಬ್ಬನೇ ಹೇಳಬಲ್ಲೆ," ಎಂದು ಅವನು ಆಗಲೇ ವಿಂಗಡಿಸಲು ಕೂತ.

"ತಮ್ಮಾ," ಎಂದಳು ಟೈಲರಮ್ಮ, "ಒಂದು ಮಾತು ಹೇಳಿದ್ರೆ ಮಧ್ಯಾಹ್ನ ಕೂಗಿಸ್ತಿದ್ದೆನಲ್ಲೋ. ನನ್ನ ದೂರು ವಾಪಸ್ಸು ಸಾರ್. ಆದ್ರೆ ಇವನೇ ಮನೆ ಮನೆಗೆ ಬಂದು ಕೊಟ್ಟು, ತಪ್ಪಾಯ್ತು ಅನ್ಬೇಕು."

ಡ್ರೈವರ್ ಕೈಮುಗಿದ. ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಆಮೇಲೆ ಪರದೆಯ ಹತ್ತಿರ ಹೋದರು. ಬೆಳಿಗ್ಗೆ ಅವಳು ಒಪ್ಪಿಸಿದ್ದ ಚೌಕಿಯ ಬೀಗದ ಕೈ ಅವರ ಮೇಜಿನ ಮೇಲಿತ್ತು. ಪೊಲೀಸಕ್ಕನ ಕಣ್ಣು ಅದರ ಮೇಲೇ ಇತ್ತು.

ನಕ್ಷೆಯ ಅಂಚಿನಲ್ಲಿ, ಗೋದಾಮುಗಳ ಹಿಂದೆ, ಇನ್ನೊಂದು ಜಾಗ ಹಾಲಿನಂತೆ ಬೆಳ್ಳಗಿತ್ತು. ಇನ್‌ಸ್ಪೆಕ್ಟರ್ ಅದರ ಮೇಲೆ ಬೆರಳಿಟ್ಟರು.

"ಇಲ್ಲಿ ಯಾರಮ್ಮ ಇದ್ದಾರೆ?"

"ಗೊತ್ತಿಲ್ಲ ಸಾರ್. ಅಲ್ಲಿಗೆ ಇನ್ನೂ ಹೋಗಿಲ್ಲ."

ಅವರು ಬೀಗದ ಕೈಯನ್ನು ಅವಳ ಕಡೆ ಸರಿಸಿದರು. ಗೂಟದಿಂದ ತಮ್ಮ ಟೋಪಿ ತೆಗೆದುಕೊಂಡರು.

"ನಡಿ, ಮಾತಾಡಿಸ್ಕೊಂಡು ಬರೋಣ. ಜೀಪು ಬೇಡ. ಅವನು ಮಲಗ್ಲಿ."